ಸೊಸೆಯನ್ನು ಕೇಳಬಾರದಾಗಿದ್ದ ಪ್ರಶ್ನೆ

ಜೂನ್ 10, 2024, ಸೋಮವಾರ

ಸ್ಪಂದನಾ ಇವತ್ತೂ ಬಸ್ಸು ತಪ್ಪಿಸಿಕೊಂಡಳು. ಡಬ್ಬಿಗೆ ಹಾಕಿಟ್ಟ ಉಪ್ಪಿಟ್ಟು ಹಾಗೇ ಇತ್ತು. ಬಚ್ಚಲಲ್ಲಿ ನೀರಿನ ಸದ್ದು. ಇಣುಕಿದರೆ ಬಕೆಟ್ಟಿನಲ್ಲಿ ಬೆಡ್‌ಶೀಟು, ನೀರೆಲ್ಲ ಕೆಂಪು, ಇವಳು ಕುಕ್ಕರುಗಾಲಲ್ಲಿ ಕೂತು ತಿಕ್ಕುತ್ತಿದ್ದಾಳೆ.

"ಬಿಡೇ, ಮೆಷಿನ್ನಿಗೆ ಹಾಕ್ತೀನಿ."

"ಮೆಷಿನ್ನಿಗೆ ಹೋಗಲ್ಲ ಅತ್ತೆ ಇದು."

ಬೇಸಿಗೆಯಿಂದ ಇದೇ ಕಥೆ. ಮುಟ್ಟು ಶುರುವಾದರೆ ನಿಲ್ಲುವುದೇ ಇಲ್ಲ. ಮುಖ ಸುಣ್ಣ ಬಳಿದ ಹಾಗೆ ಬಿಳಿಚಿಕೊಂಡಿದೆ. ಆದರೂ ಶಿವಮೊಗ್ಗಕ್ಕೆ ಹೋಗಿ, ಸೊಸೈಟಿಯ ಕ್ಯಾಶ್ ಕೌಂಟರಿನಲ್ಲಿ ಕೂತು, ಸಂಜೆ ಬಸ್ಸಿನಲ್ಲಿ ನಿಂತುಕೊಂಡು ಭದ್ರಾವತಿಗೆ ವಾಪಸ್ ಬರುತ್ತಾಳೆ. ಗಟ್ಟಿಗಿತ್ತಿ. ವಸಂತ ತೀರಿಕೊಂಡಾಗ ತವರಿನವರು ಕರೆದೊಯ್ಯಲು ಬಂದಿದ್ದರು. "ನಾನು ಇಲ್ಲೇ ಇರ್ತೀನಿ" ಅಂದಳು. ಮಗ ಹೋದ, ಮಗಳು ಉಳಿದಳು ಅಂದುಕೊಂಡೆ ಆವತ್ತು. ಈಗಲೂ ಹಾಗೇ ಅಂದುಕೊಂಡಿದ್ದೇನೆ.

ಶನಿವಾರ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಲೇಬೇಕು. ಇವಳನ್ನು ಕೇಳಿದರೆ ಬೇಡ ಅನ್ನುತ್ತಾಳೆ. ಹಾಗಾಗಿ ಕೇಳುವುದಿಲ್ಲ.

ಜೂನ್ 15, ಶನಿವಾರ

ಶಿವಮೊಗ್ಗದ ವಿನೋಬನಗರದ ಕ್ಲಿನಿಕ್ಕಿಗೆ ಹೋಗಿ ಬಂದೆವು. ಡಾಕ್ಟರ್ ರಂಜಿನಿ. ಚಿಕ್ಕ ಹುಡುಗಿ — ನಾನು ಪಾಠ ಮಾಡಿದ ಕೊನೆಯ ಬ್ಯಾಚಿನವರ ವಯಸ್ಸಿರಬಹುದು. ಆದರೆ ಮಾತು ಖಡಕ್.

ಸ್ಕ್ಯಾನಿಂಗ್ ಮಾಡಿದರು. ಗರ್ಭಕೋಶದ ಗೋಡೆಯಲ್ಲಿ ಗಡ್ಡೆ. ಫೈಬ್ರಾಯ್ಡ್. ಒಂದು ನಿಂಬೆಹಣ್ಣಿನಷ್ಟು, ಪಕ್ಕದಲ್ಲೇ ಇನ್ನೊಂದು ಸಣ್ಣದು. ಕ್ಯಾನ್ಸರ್ ಅಲ್ಲ ಎಂದರು. ಅಲ್ಲಿಯವರೆಗೆ ಉಸಿರು ಹಿಡಿದು ಕೂತಿದ್ದೆ.

"ಗರ್ಭಕೋಶ ತೆಗೆಯೋ ಮಾತು ಈಗ ಬೇಡ. ಮೂವತ್ತಾರು ವರ್ಷ ಅಷ್ಟೇ ಇವರಿಗೆ, ಮುಂದೆ ಏನು ಬೇಕಾಗುತ್ತೋ ಏನೋ. ಮೊದ್ಲು ರಕ್ತ ಹೋಗೋದನ್ನ ನಿಲ್ಸೋಣ" ಅಂದರು ಡಾಕ್ಟರು. "ಹಾರ್ಮೋನ್ ಮಾತ್ರೆ ಇದೆ. ದಿನಾ ಮರೀದೆ ತಗೋಬೇಕು, ನಡುನಡುವೆ ಗ್ಯಾಪ್ ಕೊಡ್ಬೇಕು. ಇನ್ನೊಂದು ಇದೆ, ಗರ್ಭಕೋಶದ ಒಳಗೇ ಇಡೋದು. ಅದೇ ಹಾರ್ಮೋನನ್ನ ಸ್ವಲ್ಪಸ್ವಲ್ಪವೇ ಬಿಡ್ತಾ ಇರುತ್ತೆ, ವರ್ಷಗಟ್ಲೆ. ಗಡ್ಡೆ ಕರಗಲ್ಲ, ಆದ್ರೆ ಬ್ಲೀಡಿಂಗ್ ತುಂಬಾ ಕಮ್ಮಿ ಆಗುತ್ತೆ. ಇವರಿಗೆ ಒಳಗಿನ ಜಾಗಕ್ಕೆ ಗಡ್ಡೆ ಅಡ್ಡ ಬಂದಿಲ್ಲ. ನನ್ನ ಕೇಳಿದ್ರೆ ಇದೇ ಒಳ್ಳೇದು. ಆಮೇಲೆ ಇಂಜೆಕ್ಷನ್ ಅಂತಾನೂ ಇದೆ, ಅದು ಸ್ಟ್ರಾಂಗು. ಕೆಲವು ತಿಂಗಳು ಮಾತ್ರ ಕೊಡೋದು. ಈಗಲೇ ಅದರ ತಂಟೆ ಬೇಡ."

ಡ್ರಾಯರಿನಿಂದ ಪ್ಲಾಸ್ಟಿಕ್ಕಿನ ಒಂದು ಮಾಡೆಲ್ ತೆಗೆದು ಟೇಬಲ್ಲಿನ ಮೇಲಿಟ್ಟರು. ನೋಡಿದ ಕೂಡಲೇ ಗೊತ್ತಾಯಿತು.

"ಇದು ಕಾಪರ್-ಟಿ ಅಲ್ವಾ?"

"ನೋಡೋಕೆ ಹಾಗೇ ಇರುತ್ತೆ. ಇದರಲ್ಲಿ ಕಾಪರ್ ಇಲ್ಲ, ಹಾರ್ಮೋನ್ ಇದೆ. ಮಕ್ಕಳಾಗೋದನ್ನೂ ತಡೆಯುತ್ತೆ, ಆದ್ರೆ ನಾನು ಹಾಕ್ತೀನಿ ಅಂತಿರೋದು ಬ್ಲೀಡಿಂಗಿಗೆ."

"ಇವಳ ಗಂಡ ಇಲ್ಲ ಡಾಕ್ಟ್ರೇ."

"ಗೊತ್ತಮ್ಮ. ಫೈಬ್ರಾಯ್ಡಿಗೆ ಅದು ಗೊತ್ತಿಲ್ವಲ್ಲ."

ಸ್ಪಂದನಾ "ನಂಗೆ ಅದನ್ನೇ..." ಅಂತ ಏನೋ ಹೇಳಹೊರಟಳು. ಅವಳು ಮುಗಿಸುವ ಮೊದಲೇ ನಾನು "ಮಾತ್ರೇನೇ ಕೊಡಿ" ಅಂದುಬಿಟ್ಟೆ. ಡಾಕ್ಟರು ನನ್ನನ್ನು ನೋಡಲಿಲ್ಲ, ಅವಳನ್ನು ನೋಡಿದರು. ಅವಳು ನೆಲ ನೋಡುತ್ತಾ "ಆಗ್ಲಿ" ಅಂದಳು.

ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತು ಹೊರಗೆ ನೋಡುತ್ತಿದ್ದಳು. ಕಡಲೆಕಾಯಿ ಕೊಡಿಸಿದೆ. ಮುಟ್ಟಲಿಲ್ಲ.

ಜೂನ್ 16, ಭಾನುವಾರ

ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳು ನಾನು. ಹಾರ್ಮೋನ್ ಅಂದರೇನು ಎಂದು ನನಗೆ ಯಾರೂ ಹೇಳಿಕೊಡಬೇಕಿಲ್ಲ. ಬೋರ್ಡಿನ ಮೇಲೆ ಗರ್ಭಕೋಶದ ಚಿತ್ರ ಬಿಡಿಸಿ ಪಾರ್ಟ್ಸ್ ಗುರುತಿಸಿದ್ದೇನೆ, ಹುಡುಗರು ಕಿಸಿಕಿಸಿ ನಕ್ಕರೆ ಕಿವಿ ಹಿಂಡಿದ್ದೇನೆ.

ನಮ್ಮ ಮನೆಯಲ್ಲಿ ಮುಟ್ಟಿಗೆ ಹೊರಗೆ ಕೂರಿಸುವ ಪದ್ಧತಿ ಇಲ್ಲವೇ ಇಲ್ಲ. ಲಿಂಗ ಕಟ್ಟಿಕೊಂಡ ಮೈಗೆ ಸೂತಕ ಎಲ್ಲಿಯದು ಎಂದು ನಮ್ಮತ್ತೆಯೇ ಅನ್ನುತ್ತಿದ್ದರು. ಎದುರು ಮನೆ ಹುಲಿಗೆಮ್ಮ ಈಗಲೂ ಸೊಸೆಗೆ ಬೇರೆ ಚಾಪೆ, ಬೇರೆ ತಟ್ಟೆ ಕೊಡುತ್ತಾಳೆ. ನಮ್ಮಲ್ಲಿ ಆ ದಿನಗಳಲ್ಲೂ ಸ್ಪಂದನಾಳೇ ದೇವರ ಮನೆಯ ದೀಪ ಹಚ್ಚುತ್ತಾಳೆ. ಸಂಕುಚಿತ ಮನಸ್ಸಿನವಳು ಅಂತ ಯಾರೂ ನನ್ನನ್ನು ಅನ್ನುವ ಹಾಗಿಲ್ಲ.

ಆದರೆ ಇದು ಬೇರೆ. ಗಂಡ ಇಲ್ಲದ ಹೆಂಗಸು ಅದನ್ನು ಹಾಕಿಸಿಕೊಂಡಳು ಅಂತ ಗೊತ್ತಾದರೆ... ಭದ್ರಾವತಿಯ ನಮ್ಮ ಈ ನ್ಯೂ ಟೌನ್ ಎಂದರೆ ಒಂದೇ ಮನೆ ಇದ್ದ ಹಾಗೆ. ಉಕ್ಕಿನ ಕಾರ್ಖಾನೆಯ ಕಾಲದಿಂದ ಎಲ್ಲರೂ ಎಲ್ಲರಿಗೂ ಪರಿಚಯ. ಯಾರಿಗೆ ಅಂತ ಕೂರಿಸಿಕೊಂಡು ಹೇಳುವುದು, ಇದು ಅದಕ್ಕಲ್ಲ, ಗಡ್ಡೆಗೆ ಅಂತ?

ಮಾತ್ರೆಯಲ್ಲೇ ಸರಿಹೋಗುತ್ತದೆ. ಅದೂ ಅದೇ ಹಾರ್ಮೋನು ತಾನೆ.

ಜುಲೈ 3, ಬುಧವಾರ

ಸರಿಹೋಗಿದೆ! ರಕ್ತ ನಿಂತಿದೆ. ಹೊಟ್ಟೆ ಉಬ್ಬರ, ತಲೆಭಾರ, ಸುಮ್ಮಸುಮ್ಮನೆ ಕಣ್ಣಲ್ಲಿ ನೀರು — ಮಾತ್ರೆಯದು ಅಂತೆ. ಇರಲಿ. ಬಸ್ಸು ತಪ್ಪುತ್ತಿಲ್ಲ, ಅಷ್ಟು ಸಾಕು.

"ನೋಡಿದ್ಯಾ, ಮಾತ್ರೇಲೇ ಆಯ್ತಲ್ಲ" ಅಂದೆ. ಹೂಂ ಅಂದಳು. ಪರೀಕ್ಷೆಯಲ್ಲಿ ಪಾಸಾದ ಹಾಗೆ ಖುಷಿ ನನಗೆ.

ಜುಲೈ 29, ಸೋಮವಾರ

ಗ್ಯಾಪ್ ಕೊಟ್ಟಾಗ ಬರುವ ಮುಟ್ಟು ಹೀಗಿರುತ್ತದೆ ಅಂತ ಗೊತ್ತಿರಲಿಲ್ಲ. ಒಡ್ಡು ಒಡೆದ ಹಾಗೆ.

ಆಫೀಸಿನ ಕುರ್ಚಿ ಹಾಳಾಯಿತಂತೆ. ಕೌಂಟರಿನ ಮುಂದೆ ಜನ ನಿಂತಿದ್ದಾರೆ, ಇವಳು ಎದ್ದೇಳುವ ಹಾಗಿಲ್ಲ. ಎಲ್ಲರೂ ಹೋಗುವವರೆಗೂ ಹಾಗೇ ಕೂತು, ಆಮೇಲೆ ಶಾಲು ಸುತ್ತಿಕೊಂಡು ಕುರ್ಚಿಯನ್ನು ತಾನೇ ತೊಳೆದಳಂತೆ. ತಲೆ ಬಾಚಿಕೊಳ್ಳುತ್ತಾ, ಯಾರದೋ ಕಥೆ ಹೇಳುವ ಹಾಗೆ ಹೇಳಿದಳು. ಅವಳ ಕೈಯಿಂದ ಬಾಚಣಿಗೆ ತೆಗೆದುಕೊಂಡು ನಾನೇ ಬಾಚಿದೆ. ಕೂದಲು ಬಾಚಣಿಗೆಯ ತುಂಬ ಬಂತು.

"ಮುಂದಿನ ತಿಂಗ್ಳು ಸರಿಹೋಗುತ್ತೆ" ಅಂದೆ.

"ಅತ್ತೆ, ಡಾಕ್ಟ್ರು ಹೇಳಿದ್ರಲ್ಲ ಇನ್ನೊಂದು..."

"ನೋಡೋಣ ಇರು."

ನೋಡೋಣ ಅಂದರೆ ಇಲ್ಲ ಎಂದು ಅರ್ಥ. ನನ್ನ ಜೊತೆ ಇಷ್ಟು ವರ್ಷ ಇದ್ದವಳಿಗೆ ಅದು ಗೊತ್ತು.

ಆಗಸ್ಟ್ 17, ಶನಿವಾರ

ನಿನ್ನೆ ವರಮಹಾಲಕ್ಷ್ಮಿ. ಹುಲಿಗೆಮ್ಮ ಅರಿಸಿನ ಕುಂಕುಮಕ್ಕೆ ಕರೆಯಲು ಬಂದು, ಸ್ಪಂದನಾ ಎದುರಿಗೇ ಇದ್ದರೂ ನನ್ನೊಬ್ಬಳನ್ನೇ ಕರೆದು ಹೋದಳು. ಹಿಂದೆಯೇ ಹೋಗಿ ಗೇಟಿನಲ್ಲಿ ಹಿಡಿದು ಕೇಳಿದೆ. "ನನ್ನ ಸೊಸೆ ಬರಬಾರದ ಮನೆಗೆ ನಾನೂ ಬರಲ್ಲ ಹುಲಿಗೆಮ್ಮ." ನಾನು ಹೋಗಲಿಲ್ಲ.

ಇವರು ಪೇಪರಿನಿಂದ ತಲೆ ಎತ್ತಿ "ಭೇಷ್ ಸುಭದ್ರಾ" ಅಂದರು. ಕಾರ್ಖಾನೆಯ ಸದ್ದಿನಲ್ಲಿ ಇವರ ಕಿವಿ ಅರ್ಧ ಹೋಗಿದೆ. ಬೇಕಾದ್ದು ಮಾತ್ರ ಕೇಳಿಸುತ್ತದೆ. ಸ್ಪಂದನಾ ಹಿಂದಿನಿಂದ ಬಂದು ತಬ್ಬಿಕೊಂಡಳು. ಹಾಗೆಲ್ಲ ಮಾಡುವವಳಲ್ಲ. ಮೈ ಹಗುರವಾಗಿತ್ತು, ಒಣಗಿದ ಬಟ್ಟೆ ತೆಗೆದುಕೊಂಡ ಹಾಗೆ.

ಸೆಪ್ಟೆಂಬರ್ 2, ಸೋಮವಾರ

ಬರೆಯಲೇಬೇಕು. ಬರೆಯದೆ ಇದ್ದರೆ ನಾಳೆ ನನಗೆ ನಾನೇ ಬೇರೆ ಥರ ಹೇಳಿಕೊಳ್ಳುತ್ತೇನೆ.

ಸ್ಪಂದನಾ ಮಧ್ಯಾಹ್ನವೇ ಬಂದು ಮಲಗಿದ್ದಳು. ಹೊಟ್ಟೆನೋವು. "ಭೀಮೇಶಂಗೆ ಫೋನ್ ಮಾಡಿದೀನಿ, ಮಾತ್ರೆ ಎತ್ತಿಡ್ತಾನೆ, ತರ್ತೀರಾ ಅತ್ತೆ?" ಅಂದಳು. ಮೆಡಿಕಲ್ ಶಾಪಿನ ಭೀಮೇಶ್ ನನ್ನ ಸ್ಟೂಡೆಂಟು. ಹೋದೆ. ಅಂಗಡಿಯಲ್ಲಿ ಹುಲಿಗೆಮ್ಮ ಬಿ.ಪಿ. ಮಾತ್ರೆಗೆ ಬಂದು ನಿಂತಿದ್ದಳು.

"ಟೀಚರ್, ಸ್ಪಂದನಾ ಮೇಡಂಗೆ ಹೇಳಿ, ಹೆದರ್ಕೋಬಾರ್ದು ಅಂತ. ಕಾಪರ್-ಟಿ ಥರದ್ದು ಹಾಕ್ಸಿದ್ಮೇಲೆ ಸ್ವಲ್ಪ ದಿನ ನೋವು, ಸ್ಪಾಟಿಂಗು ಎಲ್ಲ ಕಾಮನ್ನು."

ಪಾಪ, ಒಳ್ಳೆಯ ಮನಸ್ಸಿನಿಂದಲೇ ಹೇಳಿದ. ಗಟ್ಟಿಯಾಗಿ ಹೇಳಿದ. ಹುಲಿಗೆಮ್ಮ ನನ್ನ ಮುಖವನ್ನೇ ನೋಡಿದಳು. ಮೊನ್ನೆ ಗೇಟಿನಲ್ಲಿ ನಾನು ಆಡಿದ ಮಾತಿಗೆಲ್ಲ ಆ ನೋಟದಲ್ಲೇ ಉತ್ತರ ಕೊಟ್ಟುಬಿಟ್ಟಳು.

ದಾರಿಯುದ್ದಕ್ಕೂ ಮೈ ಉರಿಯುತ್ತಿತ್ತು. ನನಗೆ ಹೇಳದೆ! ನಾನು ಬೇಡ ಅಂದದ್ದನ್ನು! ಮನೆಗೆ ಬಂದಾಗ ಅವಳು ಎದ್ದು ಬಂದು ಮಾವನಿಗೆ ಕಾಫಿ ಕೊಡುತ್ತಿದ್ದಳು. ಮಾತ್ರೆಯ ಕವರನ್ನು ಟೇಬಲ್ಲಿನ ಮೇಲೆ ಎಸೆದೆ.

"ಹಾಕಿಸ್ಕೊಂಡ್ಯಂತೆ. ಯಾರಿಗಾಗಿ?"

ಅಷ್ಟೇ ಕೇಳಿದ್ದು. ಕೂಗಲಿಲ್ಲ. ಕ್ಲಾಸಿನಲ್ಲಿ ಕೇಳುವ ಹಾಗೆ ಮೆಲ್ಲಗೆ, ನೆಟ್ಟಗೆ ಕೇಳಿದೆ.

ಸ್ಪಂದನಾ ಲೋಟವನ್ನು ಕೆಳಗಿಟ್ಟಳು. ಅಳಲಿಲ್ಲ. ರೂಮಿಗೆ ಹೋಗಿ ಬಾಗಿಲು ಹಾಕಿಕೊಂಡಳು. ಇವರು ನನ್ನನ್ನೇ ನೋಡುತ್ತಿದ್ದರು. ಆ ಮಾತು ಇವರಿಗೆ ಸ್ಪಷ್ಟವಾಗಿ ಕೇಳಿಸಿತ್ತು.

ಸೆಪ್ಟೆಂಬರ್ 4, ಬುಧವಾರ

ಸಂಜೆ ತಡವಾಗಿ ಬಂದಳು. ಚಪ್ಪಲಿ ಬಿಟ್ಟವಳೇ ಅಡುಗೆಮನೆಯ ಬಾಗಿಲಲ್ಲಿ ನಿಂತಳು.

"ತೆಗೆಸಿಬಿಟ್ಟೆ ಅತ್ತೆ."

"ಏನನ್ನ?"

"ಅದನ್ನೇ. ಡಾಕ್ಟ್ರು ಬೈದ್ರು. ಹಾಕಿ ವಾರಾನೂ ಆಗಿಲ್ಲ, ಕೆಲಸ ಮಾಡೋಕಾದ್ರೂ ಬಿಡಿ ಅಂದ್ರು. ತೆಗೆಯೋವರೆಗೂ ಎದ್ದು ಹೋಗಲ್ಲ ಅಂತ ಕೂತೆ. ಈಗ ನನ್ನ ಮೈಯಲ್ಲಿ ಏನೂ ಇಲ್ಲ. ನಿಮಗೆ ನೆಮ್ಮದಿನಾ?"

ತರಕಾರಿ ಹೆಚ್ಚುವುದನ್ನೇ ಮುಂದುವರಿಸಿದೆ. ಆದರೆ ಒಂದು ಕ್ಷಣ — ಸುಳ್ಳು ಯಾಕೆ ಬರೆಯಲಿ — ನೆಮ್ಮದಿ ಆಯಿತು. ಹುಲಿಗೆಮ್ಮನಿಗೆ ಹೇಳಬಹುದು ಅನ್ನಿಸಿತು, ಏನೂ ಇಲ್ಲ ಕಣೇ ಅಂತ. ಅನ್ನಿಸಿದ ಮರುಗಳಿಗೆಯೇ ನಾಚಿಕೆಯಾಯಿತು. ಸಾರು ಉಕ್ಕಿ ಒಲೆಯ ಮೇಲೆಲ್ಲ ಚೆಲ್ಲಿತು.

ಸೆಪ್ಟೆಂಬರ್ 22, ಭಾನುವಾರ

ಮಾತಿಲ್ಲ. ಜಗಳವೂ ಇಲ್ಲ. "ಊಟಕ್ಕೆ ಬನ್ನಿ", "ಹಾಲು ತಂದಿದೀನಿ", "ಬರ್ತೀನಿ ಅತ್ತೆ" — ಅಷ್ಟೇ. ಮರ್ಯಾದೆಗೆ ಏನೂ ಕಮ್ಮಿ ಮಾಡಿಲ್ಲ. ಅದೇ ಕಷ್ಟ. ಬೈದಿದ್ದರೆ ನಾನೂ ಬೈಯಬಹುದಿತ್ತು, ಮುಗಿದುಹೋಗುತ್ತಿತ್ತು.

ಇವರು ಇವತ್ತು ವಾಕಿಂಗಿನಿಂದ ಬಂದವರೇ "ನೀನು ಕೇಳಿದ್ದು ಸರಿಯಿಲ್ಲ ಸುಭದ್ರಾ" ಅಂದರು. ಇಷ್ಟು ದಿನ ಬಿಟ್ಟು! "ನನಗೂ ಗೊತ್ತು ಕಣ್ರೀ" ಅಂದೆ. "ಗೊತ್ತಿದ್ರೆ ಅವಳ ಹತ್ರ ಹೇಳು, ನನ್ನ ಹತ್ರ ಯಾಕೆ ಹೇಳ್ತೀಯ ಮಾರಾಯ್ತಿ?"

ಸುಲಭ ಇವರಿಗೆ. ಸೊಸೆಯ ಮುಂದೆ ನಿಂತು ನನ್ನದು ತಪ್ಪು ಅನ್ನಲು ನಾಲಿಗೆ ಏಳುವುದಿಲ್ಲ. ಸರ್ವೀಸಿನಲ್ಲಿ ಒಂದು ದಿನವೂ ಯಾರ ಮುಂದೆಯೂ ಅಂದಿಲ್ಲ.

ಅಕ್ಟೋಬರ್ 1, ಮಂಗಳವಾರ

ಬೆಡ್‌ಶೀಟುಗಳನ್ನು ಈಗ ನಾನು ಏಳುವ ಮೊದಲೇ ಒಗೆದು ಹಿತ್ತಲಲ್ಲಿ ಒಣಗಿಸುತ್ತಾಳೆ. ನನ್ನ ಕಣ್ಣಿಗೆ ಬೀಳದ ಹಾಗೆ ಒಳಗೆ ತರುತ್ತಾಳೆ. ಮಾತ್ರೆಯನ್ನೂ ಬಿಟ್ಟಿದ್ದಾಳೆ. ಭೀಮೇಶನೇ ಹೇಳಿದ, ಮೇಡಂ ತಗೊಂಡು ಹೋಗಿಲ್ಲ ಅಂತ. ಅವನಿಗೆ ಈಗ ನನ್ನ ಹತ್ತಿರ ಮಾತಾಡಲು ಹೆದರಿಕೆ.

ಮೆಟ್ಟಿಲು ಹತ್ತಿದರೆ ಏದುಸಿರು. ತುಟಿಗೂ ಮುಖಕ್ಕೂ ಬಣ್ಣದಲ್ಲಿ ವ್ಯತ್ಯಾಸವೇ ಇಲ್ಲ. ಇವತ್ತು ಧೈರ್ಯ ಮಾಡಿ ಕೇಳಿದೆ.

"ಶನಿವಾರ ಶಿವಮೊಗ್ಗಕ್ಕೆ ಹೋಗಿ ಬರೋಣ್ವಾ?"

"ಯಾಕೆ ಅತ್ತೆ?"

"ಸುಮ್ನೆ... ಡಾಕ್ಟ್ರನ್ನೂ ನೋಡ್ಕೊಂಡು..."

"ದಿನಾ ಹೋಗ್ತಿದೀನಲ್ಲ ಶಿವಮೊಗ್ಗಕ್ಕೆ. ಶನಿವಾರ ರೆಸ್ಟ್ ತಗೋತೀನಿ."

ಅದನ್ನೇ ಹಾಕಿಸಿಕೋ, ನಾನೇ ಕರೆದುಕೊಂಡು ಹೋಗುತ್ತೇನೆ — ಇಷ್ಟನ್ನು ಬಾಯಿಬಿಟ್ಟು ಹೇಳಿದ್ದರೆ ಬರುತ್ತಿದ್ದಳೋ ಏನೋ. ಸುಮ್ನೆ ಅಂದುಬಿಟ್ಟೆ. ಬೀಟ್ರೂಟ್ ಪಲ್ಯ ಮಾಡಿ ಇಟ್ಟೆ. ಒಂದು ಚಮಚ ಬಡಿಸಿಕೊಂಡಳು.

ಅಕ್ಟೋಬರ್ 24, ಗುರುವಾರ, ಶಿವಮೊಗ್ಗ

ನರ್ಸಿಂಗ್ ಹೋಮು. ರಕ್ತ ಏರಿಸುತ್ತಿದ್ದಾರೆ ಅವಳಿಗೆ, ಎರಡನೇ ಬಾಟಲು. ಈಗ ಕಣ್ಣು ಬಿಟ್ಟಿದ್ದಾಳೆ.

ಬೆಳಿಗ್ಗೆ ಬಸ್ ಸ್ಟ್ಯಾಂಡಿನಲ್ಲಿ ಇಳಿದವಳು ಅಲ್ಲೇ ಕುಸಿದಳಂತೆ. ಫೋನ್ ಬಂತು — "ಅಮ್ಮಾ, ನಾನು ವೀರೇಂದ್ರ ಅಂತ, ಸ್ಪಂದನಾ ಮೇಡಂ ಆಫೀಸಿನವನು, ಗಾಬರಿ ಆಗ್ಬೇಡಿ." ಗಂಡಸಿನ ದನಿ. ಬಸ್ಸಿನಲ್ಲಿ ಬರುತ್ತಾ ಒಂದು ಕಡೆ ದೇವರೇ ಕಾಪಾಡು ಅನ್ನುತ್ತಿದ್ದೇನೆ, ಇನ್ನೊಂದು ಕಡೆ ಈ ದರಿದ್ರ ಮನಸ್ಸು — ಯಾರು ಈ ವೀರೇಂದ್ರ, ಇವನು ಹೇಗೆ ಅಲ್ಲಿದ್ದ? ಬಂದು ನೋಡಿದರೆ ಅವನ ಹೆಂಡತಿ ಕೈಗೆ ಹತ್ತಿ ಒತ್ತಿಕೊಂಡು ಬೆಂಚಿನ ಮೇಲೆ ಕೂತಿದ್ದಾಳೆ. ರಕ್ತ ಕೊಟ್ಟು ಬಂದಿದ್ದಳು. "ಬನ್ನಿ ಅಮ್ಮ, ಕೂತ್ಕೊಳ್ಳಿ" ಎಂದು ನನಗೆ ಜಾಗ ಬಿಟ್ಟಳು.

ಕೂತೆ. ಇಷ್ಟು ಸಣ್ಣವಳು ನಾನು ಅಂತ ಯಾವತ್ತೂ ಅನ್ನಿಸಿರಲಿಲ್ಲ.

ಅಕ್ಟೋಬರ್ 25, ಶುಕ್ರವಾರ

ಡಾಕ್ಟರ್ ರಂಜಿನಿ ನನ್ನೊಬ್ಬಳನ್ನೇ ಕರೆದರು. ದೊಡ್ಡ ಗಡ್ಡೆ ಇನ್ನೂ ಬೆಳೆದಿದೆ, ಈಗ ಒಳಗಿನ ಜಾಗಕ್ಕೆ ಒತ್ತುತ್ತಿದೆ.

"ಅವತ್ತಿನದನ್ನೇ ಈಗ ಹಾಕೋಕೆ..." ಅಂದೆ.

"ಈಗ ಕಷ್ಟ. ಹಾಕಿದ್ರೂ ನಿಲ್ಲಲ್ಲ, ಬಿದ್ದುಹೋಗುತ್ತೆ."

"ಅವತ್ತೇ ಇಟ್ಕೊಂಡಿದ್ರೆ?"

"ಗಡ್ಡೆ ಬೆಳೆಯೋದನ್ನ ಅದು ತಡೀತಿತ್ತು ಅಂತ ನಾನು ಹೇಳಲ್ಲ. ಆದ್ರೆ ಇಷ್ಟು ರಕ್ತ ಹೋಗ್ತಿರ್ಲಿಲ್ಲ. ಟೈಮ್ ಸಿಗ್ತಿತ್ತು ನಮಗೆ. ಯಾಕಮ್ಮ ತೆಗೆಸಿದ್ರು ಅವ್ರು? ಎಷ್ಟು ಕೇಳಿದ್ರೂ ಹೇಳ್ಲಿಲ್ಲ."

ಹೇಳಿಲ್ಲ ಅವಳು. ನನ್ನ ಹೆಸರು ತೆಗೆದಿಲ್ಲ. "ನಾನು ಒಂದು ಮಾತು ಅಂದಿದ್ದೆ" ಅಂದೆ. ಏನು ಮಾತು ಅಂತ ಡಾಕ್ಟರು ಕೇಳಲಿಲ್ಲ. ಕೇಳಿದ್ದರೆ ಅಲ್ಲಿ ಆ ಹುಡುಗಿಯ ಮುಂದೆ ಹೇಳುತ್ತಿದ್ದೆನೋ ಇಲ್ಲವೋ.

ಅಕ್ಟೋಬರ್ 27, ಭಾನುವಾರ

ಡಿಸ್ಚಾರ್ಜ್. ಹೊರಡುವ ಮೊದಲು ಡಾಕ್ಟರು ಮುಂದಿನದನ್ನು ಹೇಳಿದರು. ಕೆಲವು ತಿಂಗಳು ಆ ಸ್ಟ್ರಾಂಗ್ ಇಂಜೆಕ್ಷನ್. ಅಂಡಾಶಯದ ಕೆಲಸವನ್ನೇ ನಿಲ್ಲಿಸಿಬಿಡುತ್ತದೆ. ಮುಟ್ಟು ನಿಲ್ಲುತ್ತದೆ, ಗಡ್ಡೆ ಸ್ವಲ್ಪ ಕುಗ್ಗುತ್ತದೆ, ಅಷ್ಟರಲ್ಲಿ ರಕ್ತ ತುಂಬಿಕೊಳ್ಳುತ್ತದೆ. ಜಾಸ್ತಿ ದಿನ ಕೊಟ್ಟರೆ ಮೂಳೆಗೆ ಒಳ್ಳೆಯದಲ್ಲ, ಹಾಗಾಗಿ ಆಮೇಲೆ ಆಪರೇಷನ್. ಗಡ್ಡೆ ಮಾತ್ರ ತೆಗೆದು ಗರ್ಭಕೋಶ ಉಳಿಸಿಕೊಳ್ಳಬಹುದು.

"ಗರ್ಭಕೋಶಾನೂ ತೆಗೆದುಬಿಡಿ ಮೇಡಂ" ಅಂದಳು ಸ್ಪಂದನಾ.

"ಯಾಕೆ? ಉಳಿಸೋಕಾಗುತ್ತೆ ಅಂತಿದೀನಲ್ಲ."

"ಯಾರಿಗಾಗಿ ಉಳಿಸ್ಕೊಳ್ಲಿ?"

ನನ್ನ ಕಡೆ ನೋಡಿ ಹೇಳಲಿಲ್ಲ. ನೋಡುವ ಅಗತ್ಯವೂ ಇರಲಿಲ್ಲ. ಡಾಕ್ಟರು "ಟೈಮಿದೆ, ಯೋಚ್ನೆ ಮಾಡಿ" ಅಂದರು.

ಅವಳು ಕೋಪಕ್ಕೆ ಹೇಳುತ್ತಿದ್ದಾಳೋ, ನಿಜವಾಗಿಯೂ ಬೇಡವೋ? ಬೇಡ ಅಂತ ಅವಳೇ ತೀರ್ಮಾನಿಸಿದರೆ ಬೇರೆ ಮಾತು. ನನ್ನ ಆ ಒಂದು ಮಾತಿಗೆ ಗರ್ಭಕೋಶ ಕಿತ್ತು ಕೊಟ್ಟರೆ? ಇನ್ನೂ ಮೂವತ್ತಾರು. ಬೇರೆ ಮದುವೆ ಆಗಬಹುದು, ಮಗು ಬೇಕು ಅನ್ನಿಸಬಹುದು. ವಸಂತ ಹೋದ ಹೊಸದರಲ್ಲಿ ನಾನೇ ಹೇಳಿದ್ದೆ, ಮುಂದೆ ಯಾರಾದರೂ ಒಳ್ಳೆಯವರು ಸಿಕ್ಕರೆ ನೋಡಮ್ಮ ಅಂತ. ದೊಡ್ಡ ಮನಸ್ಸಿನವಳ ಹಾಗೆ ಹೇಳಿದ್ದೆ. ಆ ಬಾಯಲ್ಲೇ ಇದೂ ಬಂತು.

ಡಿಸೆಂಬರ್ 22, ಭಾನುವಾರ

ಬಹಳ ದಿನವಾಯಿತು ಬರೆದು. ಬರೆಯುವಂಥದ್ದು ಏನೂ ಇರಲಿಲ್ಲ. ಇಂಜೆಕ್ಷನ್ ನಡೆಯುತ್ತಿದೆ. ರಕ್ತ ನಿಂತಿದೆ, ಮುಖದಲ್ಲಿ ಬಣ್ಣ ಬಂದಿದೆ.

ಆದರೆ ಸೆಕೆ. ಡಿಸೆಂಬರ್ ಚಳಿಯಲ್ಲಿ ನಾವು ಸ್ವೆಟರ್ ಹಾಕಿಕೊಂಡು ಕೂತಿದ್ದರೆ ಅವಳು ಫ್ಯಾನು ಹಾಕುತ್ತಾಳೆ. ಇವತ್ತು ಮಧ್ಯಾಹ್ನ ಊಟ ಮಾಡುತ್ತಿದ್ದವಳು ತಟ್ಟೆ ಬಿಟ್ಟು ಎದ್ದು ಹಿತ್ತಲಿಗೆ ಹೋದಳು. ಹಿಂದೆಯೇ ಹೋದೆ. ಕಲ್ಲಿನ ಮೇಲೆ ಕೂತಿದ್ದಾಳೆ, ಕುತ್ತಿಗೆಯಲ್ಲಿ ಬೆವರು ಹರಿಯುತ್ತಿದೆ. ಗುರುತು ಸಿಕ್ಕಿತು. ನನಗೆ ಐವತ್ತರಲ್ಲಿ ಬಂದದ್ದು ಇದೇ. ಕ್ಲಾಸಿನ ನಡುವೆ ಹೊತ್ತಿಕೊಂಡ ಹಾಗಾಗಿ, ಹುಡುಗರಿಗೆ ಓದಿಕೊಳ್ಳಲು ಹೇಳಿ ನಲ್ಲಿಯ ಹತ್ತಿರ ಓಡುತ್ತಿದ್ದೆ.

ಒದ್ದೆ ಟವಲ್ ತಂದು ಕುತ್ತಿಗೆಯ ಮೇಲೆ ಒತ್ತಿ ಹಿಡಿದೆ. ಬೇಡ ಅನ್ನಲಿಲ್ಲ.

"ಕಾಲಿಂದ ಶುರುವಾಗಿ ಮೇಲೆ ಬರುತ್ತಲ್ಲ?" ಅಂದೆ.

"ಇಲ್ಲ, ಎದೆಯಿಂದ. ಆಮೇಲೆ ಮುಖಕ್ಕೆ." ಕುತ್ತಿಗೆಯನ್ನು ಇನ್ನಷ್ಟು ಬಗ್ಗಿಸಿ — "ನಿಮಗೆ ಎಷ್ಟು ದಿನ ಇತ್ತು?"

"ವರ್ಷಗಟ್ಲೆ ಕಣೇ. ನಿಮ್ಮ ಮಾವಂಗೆ ಗೊತ್ತೇ ಆಗ್ಲಿಲ್ಲ."

ನಕ್ಕಳು. ಸೆಪ್ಟೆಂಬರಿನಿಂದ ಮೊದಲ ಸಲ. ಆಗ ಹೇಳಬೇಕಿತ್ತು. ಪಕ್ಕದಲ್ಲೇ ಇದ್ದೆ, ಟವಲ್ ನನ್ನ ಕೈಯಲ್ಲೇ ಇತ್ತು. ಆ ನಗು ಎಲ್ಲಿ ಹೋಗಿಬಿಡುತ್ತದೋ ಅಂತ ಹೆದರಿ ಹೇಳಲಿಲ್ಲ.

ಜನವರಿ 13, 2025, ಸೋಮವಾರ

ಸಂಕ್ರಾಂತಿಗೆ ಕಬ್ಬು ತರುತ್ತೇನೆ ಅಂತ ಇವರಿಗೆ ಸುಳ್ಳು ಹೇಳಿ ವಿನೋಬನಗರಕ್ಕೆ ಹೋಗಿ ಡಾಕ್ಟರನ್ನು ನೋಡಿ ಬಂದೆ. ಒಬ್ಬಳೇ.

"ಅವಳು ತೆಗೆಸ್ತೀನಿ ಅಂತಾನೇ ಇದಾಳೆ. ನೀವು ಗಡ್ಡೆ ಒಂದೇ ತೆಗೀರಿ ಡಾಕ್ಟ್ರೇ. ನಾನು ಜವಾಬ್ದಾರಿ."

ಡಾಕ್ಟರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ಅಮ್ಮಾ, ಬೇಜಾರು ಮಾಡ್ಕೋಬೇಡಿ. ಅವತ್ತು ಬೇಡ ಅಂತ ನೀವೇ ಹೇಳಿದ್ರಿ, ಇವತ್ತು ಬೇಕು ಅಂತಾನೂ ನೀವೇ ಹೇಳ್ತಿದೀರಿ. ಅವ್ರು ಯಾವಾಗ ಹೇಳೋದು?"

ಎದ್ದು ಬಂದುಬಿಡೋಣ ಅನ್ನಿಸಿತು. ಆದರೆ ಸರಿಯಾಗಿಯೇ ಹೇಳಿದ್ದರು, ಎಲ್ಲಿಗೆ ಎದ್ದು ಹೋಗಲಿ.

"ಥಿಯೇಟರ್ ಒಳಗೆ ಹೋಗೋ ತನಕ ಅವ್ರು ಮನಸ್ಸು ಬದಲಾಯಿಸಬಹುದು. ನಾನೂ ಇನ್ನೊಂದ್ಸಲ ಕೇಳ್ತೀನಿ. ಆದ್ರೆ ಅವರು ಕೋಪದಲ್ಲಿ ಹೇಳಿದ್ದು ಯಾವುದು, ಮನಸ್ಸಿಂದ ಹೇಳಿದ್ದು ಯಾವುದು ಅಂತ ನಂಗೆ ಗೊತ್ತಾಗಲ್ಲ. ಅದನ್ನ ಮನೇಲಿ ಸರಿಮಾಡ್ಕೊಂಡು ಬನ್ನಿ."

ಕಬ್ಬು ತರುವುದನ್ನು ಮರೆತೆ.

ಜನವರಿ 28, ಮಂಗಳವಾರ, ನರ್ಸಿಂಗ್ ಹೋಮ್

ನಾಳೆ ಬೆಳಿಗ್ಗೆ ಆಪರೇಷನ್. ಅಡ್ಮಿಟ್ ಆದೆವು. ಇವರು ಕೆಳಗೆ ಎಳನೀರು ತರಲು ಹೋದಾಗ ಅವಳು ಬೆಡ್ಡಿನ ಮೇಲೆ ಕೂತು ಉಗುರಿನ ಬಣ್ಣ ಒರೆಸುತ್ತಿದ್ದಳು. ನರ್ಸು ಹೇಳಿ ಹೋಗಿದ್ದಳು. ತಲೆ ಎತ್ತದೆ ಕೇಳಿದಳು.

"ಅತ್ತೆ, ಒಂದು ಕೇಳ್ತೀನಿ. ಅವತ್ತು ಯಾರಿಗಾಗಿ ಅಂದ್ರಲ್ಲ. ಯಾರೂ ಇರ್ಲಿಲ್ಲ. ಅದು ನಿಮಗೂ ಗೊತ್ತು. ಆದ್ರೆ ಯಾರಾದ್ರೂ ಇದ್ದಿದ್ರೆ? ಇದ್ದಿದ್ರೂ ತಪ್ಪೇನಿತ್ತು?"

ಇದನ್ನು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ಇಷ್ಟು ತಿಂಗಳು ನನ್ನ ತಪ್ಪನ್ನು ನಾನು ಅಳೆದಿದ್ದು ಒಂದೇ ಥರ — ಯಾರೂ ಇಲ್ಲದವಳನ್ನು ಹಾಗೆ ಕೇಳಿಬಿಟ್ಟೆನಲ್ಲ ಅಂತ. ಇದ್ದಿದ್ದರೆ ಕೇಳಿದ್ದು ಸರಿ ಅನ್ನುವುದು ಅದರೊಳಗೇ ಕೂತಿತ್ತು. ಅವಳಿಗೆ ಅದು ಕಂಡಿದೆ. ನನಗೆ ಕಂಡಿರಲಿಲ್ಲ.

ಬಾಯಿ ತೆರೆದೆ. ಇವರು ಎಳನೀರು ಹಿಡಿದುಕೊಂಡು ಬಂದರು. "ನರ್ಸು ಈಗ್ಲೇ ಕುಡೀಬೇಕು ಅಂದ್ರು, ಆಮೇಲೆ ಏನೂ ಕೊಡಬಾರ್ದಂತೆ" ಅಂದರು. ಅವಳು ಕುಡಿದು, ಗೋಡೆಯ ಕಡೆ ತಿರುಗಿ ಮಲಗಿದಳು.

ಜನವರಿ 29, ಬುಧವಾರ, ಬೆಳಿಗ್ಗೆ

ಕಾರಿಡಾರಿನ ಬೆಂಚು. ಇವರು ಪಕ್ಕದಲ್ಲಿ ಕೂತು ತೂಕಡಿಸುತ್ತಿದ್ದಾರೆ. ಒಳಗೆ ಅವಳನ್ನು ರೆಡಿ ಮಾಡುತ್ತಿದ್ದಾರೆ. ಡಾಕ್ಟರು ಬಂದರು, ನನಗೆ ತಲೆಯಾಡಿಸಿ ಥಿಯೇಟರಿನ ಕಡೆ ಹೋದರು.

ತಪ್ಪೇನೂ ಇರಲಿಲ್ಲ. ಉತ್ತರ ಇಷ್ಟೇ. ರಾತ್ರಿಯಿಡೀ ತಿರುಗಿಸಿ ತಿರುಗಿಸಿ ನೋಡಿದೆ, ಬೇರೆ ಉತ್ತರ ಸಿಗಲಿಲ್ಲ. ಯಾರಾದರೂ ಇದ್ದಿದ್ದರೆ ಒಳ್ಳೆಯದೇ ಆಗಿತ್ತು. ನನ್ನ ಮಗ ಹೋದ ಎಂದು ಅವಳ ಮೈಯನ್ನು ನಾನು ಕಾವಲು ಕಾಯುತ್ತಾ ಕೂತಿದ್ದೆ, ಅದಕ್ಕೆ ಪ್ರೀತಿ ಅಂತ ಹೆಸರಿಟ್ಟುಕೊಂಡಿದ್ದೆ. ಪ್ರೀತಿಯೂ ಇತ್ತು. ಅದು ಸುಳ್ಳಲ್ಲ. ಆದರೆ ಇದೂ ಇತ್ತು.

ಗರ್ಭಕೋಶ ಉಳಿಸಿಕೋ ಅಂತ ಹೇಳಬಾರದು. ತೆಗೆಸು ಅಂತಲೂ ಹೇಳಬಾರದು. ಅದು ಅವಳದು. ಅವಳು ಕೇಳಿದ್ದಕ್ಕೆ ಉತ್ತರ ಮಾತ್ರ ಹೇಳಬೇಕು. ಆಮೇಲೆ ಅವಳು ಒಳಗೆ ಹೋಗಿ ಡಾಕ್ಟರಿಗೆ ಏನು ಹೇಳುತ್ತಾಳೋ ಹೇಳಲಿ. ನನ್ನ ಮಾತಿನ ಮೇಲಿನ ಸಿಟ್ಟಿಗೆ ಹೇಳದಿದ್ದರೆ ಸಾಕು.

ಬಾಗಿಲು ತೆರೆಯಿತು. ಹಸಿರು ಗೌನು ಹಾಕಿಸಿದ್ದಾರೆ. ಎರಡು ಜಡೆ ಹೆಣೆದಿದ್ದಾರೆ, ಸ್ಕೂಲಿಗೆ ಹೊರಟ ಹುಡುಗಿಯ ಹಾಗೆ. ಸ್ಟ್ರೆಚರಿನ ಮೇಲೆ ಮಲಗಿಕೊಂಡೇ ಈ ಕಡೆ ನೋಡುತ್ತಿದ್ದಾಳೆ. ನಗುತ್ತಿಲ್ಲ, ಮುಖ ತಿರುಗಿಸಿಯೂ ಇಲ್ಲ. ವಾರ್ಡ್ ಬಾಯ್‌ಗೆ ಒಂದು ನಿಮಿಷ ನಿಲ್ಲಿ ಅಂದಿದ್ದೇನೆ. ನಿಂತಿದ್ದಾನೆ. ಏಳುತ್ತೇನೆ. ಮೊದಲು ನನ್ನದು ತಪ್ಪು ಅನ್ನಬೇಕೋ, ಅಥವಾ ಮೊದಲು ಅವಳ ಪ್ರಶ್ನೆಗೆ ಉತ್ತರ ಹೇಳಬೇಕೋ. ಬರೆದದ್ದು ಸಾಕು, ಪೆನ್ನು ಮುಚ್ಚುತ್ತೇನೆ.